ಮಧ್ಯರೇಖೆಯಲ್ಲಿ 5.62, ಅಂಚಿನಲ್ಲಿ 5.34

ಬೆಂಗಳೂರಿನ ನಮ್ಮ ಕಚೇರಿಯಲ್ಲಿ ರಸ್ತೆಗಳು ಒಂದರ ಮೇಲೊಂದು ಹಾಯುವ ಮೂರು ಹಂತದ ಇಂಟರ್‌ಚೇಂಜ್ ಒಂದರ ಜಿಎಡಿ (ಒಟ್ಟಾರೆ ವಿನ್ಯಾಸದ ನಕ್ಷೆ) ಪರಿಶೀಲನೆ ನಡೆದ ಆ ಮಧ್ಯಾಹ್ನ ನೆನಪಾದರೆ ಈಗಲೂ ಮನಸ್ಸು ಚುರುಕ್ಕೆನ್ನುತ್ತದೆ. ನಾಲ್ಕು ಎಸಳಿನಂತೆ ಲೂಪ್‌ಗಳಿರುವ ಕ್ಲೋವರ್‌ಲೀಫ್ ವಿನ್ಯಾಸ ಏಕೆ ಬೇಡವೆಂದು ಕ್ಲೈಂಟ್ ಕಡೆಯ ಅಧಿಕಾರಿ ಕೇಳಿದಾಗ ನಾನು ಉತ್ಸಾಹದಿಂದ ವಿವರಿಸಿದ್ದೆ: ಅಲ್ಲಿ ಒಂದು ಲೂಪ್‌ನಿಂದ ಇಳಿಯುವವರೂ ಮುಂದಿನ ಲೂಪ್‌ಗೆ ಹೊರಳುವವರೂ ಅದೇ ಗಿಡ್ಡ ಅಂತರದಲ್ಲಿ ಒಬ್ಬರನ್ನೊಬ್ಬರು ಹಾಯ್ದುಹೋಗಬೇಕು, 1953ರಲ್ಲಿ ಪೂರ್ಣವಾಗಿ ಸಂಚಾರಕ್ಕೆ ತೆರೆದ ಲಾಸ್ ಏಂಜಲೀಸ್‌ನ ನಾಲ್ಕು ಹಂತದ ಇಂಟರ್‌ಚೇಂಜ್‌ನಲ್ಲಿ ರ್‍ಯಾಂಪ್‌ಗಳು (ಒಂದು ರಸ್ತೆಯಿಂದ ಇನ್ನೊಂದಕ್ಕೆ ಸಾಗಿಸುವ ದಾರಿಗಳು) ಒಂದರ ಮೇಲೊಂದು ಹಾದುಹೋಗುವುದರಿಂದ ಹೀಗೆ ಅಡ್ಡಹಾಯುವ ವೀವಿಂಗ್ ಇಲ್ಲ. ನಮ್ಮ ನಕ್ಷೆಯೂ ಅದೇ ತತ್ತ್ವದ್ದು. ಹಂತಗಳು ಕೂಡಿಬಂದ ಸಂತೋಷದಲ್ಲಿ ನಾನು ಮುಳುಗಿದ್ದೆ.

ಆಗ ಸೇತುವೆ ವಿಭಾಗದ ಹಿರಿಯ ಮೇಡಂ ಕೆಳಗಿನ ರಸ್ತೆಗೂ ಮೇಲಿನ ಸೇತುವೆಗೂ ನಡುವಿನ ತೆರವಿನ ಎತ್ತರ ಬರೆದ ಕ್ಲಿಯರೆನ್ಸ್ ಶೀಟ್‌ನ ಒಂದು ಸಾಲಿನ ಮೇಲೆ ಪೆನ್ಸಿಲ್ ಇಟ್ಟರು.

"ಈ 5.62 ಎಲ್ಲಿಯದು?"

"ಮಧ್ಯರೇಖೆಯದು, ಮೇಡಂ. ಬೇಕಾದದ್ದು 5.5 ಮೀಟರ್."

"ಮೇಲಿನ ರ್‍ಯಾಂಪ್‌ಗೆ ಅಲ್ಲಿ ಸೂಪರ್‌ಎಲಿವೇಷನ್ ಎಷ್ಟು ಕೊಟ್ಟಿದ್ದೀರಿ?"

ತಿರುವಿನಲ್ಲಿ ರಸ್ತೆಯನ್ನು ಒಳಬದಿಗೆ ವಾಲಿಸುವ ಆ ಪ್ರಮಾಣ ಶೇಕಡಾ 7 ಎನ್ನುವಷ್ಟರಲ್ಲೇ ನನಗೆ ಅರ್ಥವಾಯಿತು. ತಿರುವಿನ ಒಳ ಅಂಚು ಮಧ್ಯರೇಖೆಯಿಂದ ನಾಲ್ಕು ಮೀಟರ್ ದೂರದಲ್ಲಿತ್ತು. ಆ ವಾಲಿಕೆಯಲ್ಲಿ ಡೆಕ್‌ನ (ಸೇತುವೆಯ ಚಪ್ಪಡಿಯ) ಅಡಿಮಟ್ಟ ಅಲ್ಲಿ 28 ಸೆಂಟಿಮೀಟರ್ ಕೆಳಗಿಳಿಯುತ್ತದೆ. ಕೆಳಗಿನ ರಸ್ತೆ ಆ ಜಾಗದಲ್ಲಿ ಸಮತಟ್ಟಾಗಿದ್ದುದರಿಂದ ಉಳಿದದ್ದು 5.34. ಗೊತ್ತಿದ್ದ ಉತ್ತರವನ್ನೇ ಮೊಬೈಲ್‌ನಲ್ಲಿ ಎರಡು ಸಲ ಲೆಕ್ಕ ಹಾಕಿದೆ. ಅಷ್ಟು ಹೊತ್ತೂ ಯಾರೂ ಮಾತನಾಡಲಿಲ್ಲ. ಸಾಫ್ಟ್‌ವೇರ್‌ನ ಪ್ರೊಫೈಲ್ (ರಸ್ತೆಯ ಉದ್ದಕ್ಕೂ ಮಟ್ಟ ತೋರಿಸುವ ನಕ್ಷೆ) ಮಧ್ಯರೇಖೆಯನ್ನಷ್ಟೇ ತೋರಿಸುತ್ತದೆ ಎಂಬುದು ನಿಜ, ಆದರೆ ಕ್ರಾಸ್ ಸೆಕ್ಷನ್ ಕತ್ತರಿಸಿ ನೋಡದೆ ಸಹಿ ಹಾಕಿದವನು ನಾನು.

1972ರಲ್ಲಿ ತೆರೆದ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಗ್ರಾವೆಲಿ ಹಿಲ್ ಇಂಟರ್‌ಚೇಂಜ್ ಕಾಲುವೆಗಳ ಮೇಲೆ ನಿಂತಿದೆ. ದಡದಲ್ಲಿ ನಡೆಯುವ ಕುದುರೆ ದೋಣಿಯನ್ನು ಎಳೆಯುವಾಗ ಹಗ್ಗ ಕಂಬಗಳಿಗೆ ಸಿಕ್ಕಿಕೊಳ್ಳಬಾರದೆಂದು ಅಲ್ಲಿನ ಕಂಬಗಳ ಜಾಗವನ್ನು ಎಚ್ಚರದಿಂದ ಗುರುತಿಸಿದ್ದರು. ಇದನ್ನು ನಾನು ಎಷ್ಟೋ ಜನ ಕಿರಿಯರಿಗೆ ಹೇಳಿದ್ದೇನೆ. ಒಂದು ಹಗ್ಗದ ದಾರಿಯನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಎಡ ಲೇನ್‌ನಲ್ಲಿ ಬರುವ ಕಂಟೇನರ್ ಲಾರಿಯ ಮೇಲ್ಮೂಲೆಯನ್ನು ನಾನು ಮರೆತಿದ್ದೆ.

ರ್‍ಯಾಂಪ್ ಎತ್ತರಿಸಿದಾಗ ಏರು ಹೆಚ್ಚಾಯಿತು, ಉದ್ದ ಬೆಳೆಯಿತು, ಆರು ಪಿಯರ್‌ಗಳ (ಆಧಾರ ಕಂಬಗಳ) ಎತ್ತರ ಬದಲಾಯಿತು. ಮೂರು ವಾರ ಹಿಡಿಯಿತು. ಈಗ ಶೀಟ್‌ನಲ್ಲಿ ಎಡ ಅಂಚು, ಮಧ್ಯ, ಬಲ ಅಂಚು ಎಂದು ಮೂರು ಕಾಲಂ ಇವೆ, ಕೈಯಲ್ಲೇ ತುಂಬುತ್ತೇವೆ. ಮೂರು ಆಯಾಮದ ಪರಿಶೀಲನೆಯ ಲೈಸೆನ್ಸ್ ಹನ್ನೊಂದು ಮಂದಿಗೆ ಒಂದೇ ಇದೆ. ಇನ್ನೊಂದಕ್ಕೆ ಕೇಳಿದ ಪತ್ರಕ್ಕೆ ಆಡಳಿತದವರು ಇದುವರೆಗೆ ಉತ್ತರಿಸಿಲ್ಲ.