ಹಿಮೋಗ್ಲೋಬಿನ್ ಸರಿಯಿದೆ, ಕಾಲಿನ ಜೋಮು ಮಾತ್ರ ಬಿಡದು

ಮುಖ ತೊಳೆಯಲು ಬೇಸಿನ್ ಮುಂದೆ ಬಗ್ಗಿ ಕಣ್ಣು ಮುಚ್ಚಿದ ಕೂಡಲೇ ಮೈ ತೂಗಾಡುತ್ತದೆ. ಕಣ್ಣು ಬಿಟ್ಟರೆ ಸರಿ. ರಾತ್ರಿ ಕರೆಂಟ್ ಹೋದಾಗಲೂ ಇದೇ ಪಾಡು. ಪಿತ್ತ, ಬಿಪಿ, ನಿದ್ದೆಗೇಡು ಎಂದು ಇದನ್ನು ತಳ್ಳಿಹಾಕುವವರೇ ಹೆಚ್ಚು. ತೊಂದರೆ ಬೆನ್ನುಹುರಿಯ ಹಿಂಭಾಗದಲ್ಲಿರಬಹುದು. ಪಾದ ಎಲ್ಲಿ ಊರಿದೆ ಎಂಬ ಸುದ್ದಿಯನ್ನು ಮಿದುಳಿಗೆ ಒಯ್ಯುವ ನರತಂತುಗಳು ಅಲ್ಲಿವೆ. ಅವುಗಳ ಮೈಲಿನ್ ಹೊದಿಕೆ ಹಾಳಾದರೆ ಮೈಯ ಸಮತೋಲಕ್ಕೆ ಕಣ್ಣೇ ಆಸರೆ. ಹೀಗೆ ಮಾಡುವ ಕಾರಣಗಳಲ್ಲಿ ವಿಟಮಿನ್ ಬಿ12 ಕೊರತೆಯನ್ನು ಮೊದಲು ನೋಡಬೇಕು, ಏಕೆಂದರೆ ಅದನ್ನು ಸರಿಪಡಿಸಬಹುದು.

‘ಹಿಮೋಗ್ಲೋಬಿನ್ 13 ಇದೆಯಲ್ಲ, ಮತ್ತೆಲ್ಲಿಯ ಬಿ12 ಕೊರತೆ?’ ಎನ್ನುವ ಮಾತು ಆಗಾಗ ಕೇಳಿಬರುತ್ತದೆ. ಎಡವುವುದು ಇಲ್ಲೇ.

ನಮ್ಮ ದೇಹದಲ್ಲಿ ಬಿ12 ಬೇಡುವ ಕಿಣ್ವಗಳು ಎರಡೇ. ಮೊದಲನೆಯದು ಮೆಥಿಯೋನಿನ್ ಸಿಂಥೇಸ್. ಅದು ಮೀಥೈಲ್ ಫೋಲೇಟ್‌ನಿಂದ (ಫೋಲೇಟ್ ಇನ್ನೊಂದು ಬಿ ವಿಟಮಿನ್) ಮೀಥೈಲ್ ಗುಂಪನ್ನು ಕಿತ್ತು ಹೋಮೋಸಿಸ್ಟೀನ್‌ಗೆ ಅಂಟಿಸಿ ಮೆಥಿಯೋನಿನ್ ಮಾಡುತ್ತದೆ. ಈ ಕೊಡುಕೊಳ್ಳುವಿಕೆಯಲ್ಲಿ ಬಿಡುಗಡೆಯಾಗುವ ಫೋಲೇಟ್ ಡಿಎನ್‌ಎ ಕಟ್ಟಲು ಬೇಕು. ಬಿ12 ಇಲ್ಲವೆಂದರೆ ಫೋಲೇಟ್ ಮೀಥೈಲ್ ರೂಪದಲ್ಲೇ ಸಿಕ್ಕಿಬೀಳುತ್ತದೆ. ಮೂಳೆಮಜ್ಜೆಯ ಕೋಶಗಳು ಬೆಳೆಯುತ್ತವೆ, ಒಡೆದು ಎರಡಾಗಲು ಡಿಎನ್‌ಎ ಸಾಲದು. ಹಾಗಾಗಿ ಕೆಂಪು ಕಣಗಳು ದೊಡ್ಡವಾಗಿ, ಎಣಿಕೆಯಲ್ಲಿ ಕಡಿಮೆಯಾಗುತ್ತವೆ. ಎರಡನೆಯದು ಮೀಥೈಲ್‌ಮಲೋನಿಲ್ ಕೋಎ ಮ್ಯೂಟೇಸ್. ಅದು ನಿಂತರೆ ಮೀಥೈಲ್‌ಮಲೋನಿಕ್ ಆಮ್ಲ ಶೇಖರವಾಗುತ್ತದೆ. ಮೈಲಿನ್ ಹಾಳಾಗಲು ಮೀಥೈಲ್ ಗುಂಪಿನ ಬರ ಕಾರಣವೇ, ಈ ಆಮ್ಲವೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಈಗ ಫೋಲೇಟ್‌ನದೇ ಇನ್ನೊಂದು ರೂಪವಾದ ಫೋಲಿಕ್ ಆಮ್ಲದ ಮಾತ್ರೆ ಕೊಟ್ಟರೆ ಏನಾಗುತ್ತದೆ? ಅದು ಫೋಲೇಟ್ ಸಿಕ್ಕಿಬಿದ್ದ ಜಾಗವನ್ನು ತಪ್ಪಿಸಿ ಬೇರೆ ದಾರಿಯಿಂದ ಒಳಬರುತ್ತದೆ. ಮಜ್ಜೆಗೆ ಡಿಎನ್‌ಎ ಸಿಗುತ್ತದೆ, ರಕ್ತ ಸುಧಾರಿಸುತ್ತದೆ. ನರಕ್ಕೆ ಏನೂ ಸಿಗದೆ ಅದರ ಸವೆತ ಮುಂದುವರಿಯುತ್ತದೆ. ದಿನಾ ಸೊಪ್ಪಿನ ಸಾರು, ಕಾಳು, ಬೇಳೆ ಉಣ್ಣುವ ಸಸ್ಯಾಹಾರಿ ಮನೆಯಲ್ಲಿ ಫೋಲೇಟ್‌ಗೆ ಬರವಿಲ್ಲ. ಅಂಥವರಲ್ಲಿ ರಕ್ತಹೀನತೆ ಕಾಣುವ ಮೊದಲೇ ಪಾದದ ಜೋಮು ಶುರುವಾಗಬಹುದು. ಜೊತೆಗೆ ಕಬ್ಬಿಣಾಂಶದ ಕೊರತೆಯೂ ಇದ್ದರೆ, ಒಂದು ಕೊರತೆ ಕಣವನ್ನು ಹಿಗ್ಗಿಸಿ ಇನ್ನೊಂದು ಕುಗ್ಗಿಸಿ, ರಿಪೋರ್ಟ್‌ನಲ್ಲಿ ಎಂಸಿವಿ (ಕೆಂಪು ಕಣದ ಸರಾಸರಿ ಗಾತ್ರ) 88 ಎಂದು ಸಭ್ಯವಾಗಿ ಕೂತಿರುತ್ತದೆ.

ಬಿ12 ತಯಾರಿಸುವುದು ಬ್ಯಾಕ್ಟೀರಿಯಾದಂಥ ಸೂಕ್ಷ್ಮಜೀವಿಗಳು ಮಾತ್ರ. ಗಿಡಕ್ಕೂ ಬಾರದು, ಪ್ರಾಣಿಗೂ ಬಾರದು. ಹಸುವಿನ ಹೊಟ್ಟೆಯ ಬ್ಯಾಕ್ಟೀರಿಯಾ ಮೇವಿನಲ್ಲಿರುವ ಕೋಬಾಲ್ಟ್‌ನಿಂದ ಅದನ್ನು ಮಾಡುತ್ತವೆ, ಹಾಲಿನಲ್ಲಿ ನಮಗೆ ಸಿಗುತ್ತದೆ. ನಮ್ಮ ದೊಡ್ಡ ಕರುಳಿನಲ್ಲೂ ಅಂಥ ಬ್ಯಾಕ್ಟೀರಿಯಾ ಇವೆ, ಆದರೆ ಹೀರುವ ಜಾಗ ಸಣ್ಣ ಕರುಳಿನ ಕೊನೆ. ಅದನ್ನು ದಾಟಿದ ಮೇಲೆ ತಯಾರಾದರೆ ಏನು ಬಂತು! ದಿನಕ್ಕೆ ಬೇಕಾದ್ದು 2 ಮೈಕ್ರೋಗ್ರಾಂಗೆ ತುಸು ಹೆಚ್ಚು. 200 ಮಿ.ಲೀ. ಹಾಲಿನಲ್ಲಿ ಸುಮಾರು 1 ಮೈಕ್ರೋಗ್ರಾಂ ಇರುತ್ತದೆ, ಹೆಚ್ಚು ಹೊತ್ತು ಕುದಿಸಿದರೆ ಇನ್ನೂ ಕಡಿಮೆ. ಎರಡು ಲೋಟ ಕಾಫಿಗೆ ಬೀಳುವ ಹಾಲು ಲೆಕ್ಕಕ್ಕೆ ಬರುವುದಿಲ್ಲ. ಸ್ಪಿರುಲಿನಾದಲ್ಲಿರುವುದು ಬಹುಪಾಲು ನಮ್ಮ ದೇಹಕ್ಕೆ ಒದಗದ ನಕಲಿ ರೂಪ.

ತಿಂದರೂ ಹೀರದಿರಬಹುದು. ಆಹಾರದ ಪ್ರೋಟೀನಿನಿಂದ ಬಿ12 ಬಿಡಿಸಲು ಜಠರದ ಆಮ್ಲ ಬೇಕು, ಮುಂದೆ ಅದನ್ನು ಹಿಡಿದು ಸಾಗಿಸಲು ಜಠರವೇ ಸ್ರವಿಸುವ ಇಂಟ್ರಿನ್ಸಿಕ್ ಫ್ಯಾಕ್ಟರ್ ಬೇಕು. ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರಲ್ಲಿ ಮೊದಲ ಹೆಜ್ಜೆಯೇ ತಪ್ಪುತ್ತದೆ. ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ಕೊನೆಯ ಹೀರುವಿಕೆಗೆ ಅಡ್ಡಬರುತ್ತದೆ. ಆಗ ಸಕ್ಕರೆ ಕಾಯಿಲೆಯವರ ಕಾಲುರಿಯನ್ನೆಲ್ಲ ‘ಶುಗರ್‌ನಿಂದ’ ಎಂದು ಒಂದೇ ಬುಟ್ಟಿಗೆ ಹಾಕುವುದು ಅನ್ಯಾಯ.

ಪರೀಕ್ಷೆಗೆ ರಕ್ತ ಕೊಡುವುದು ಮಾತ್ರೆ ಶುರುಮಾಡುವ ಮೊದಲು. ನುಂಗಿ ಕೊಟ್ಟರೆ ಅಂಕಿ ಏರಿರುತ್ತದೆ, ಮೂಲ ಸ್ಥಿತಿ ಮುಚ್ಚಿಹೋಗುತ್ತದೆ. 200 ಪಿಕೋಗ್ರಾಂಗಿಂತ (ಪ್ರತಿ ಮಿ.ಲೀ.ಗೆ) ಕೆಳಗಿದ್ದರೆ ಕೊರತೆ. 200ರಿಂದ 300 ಅನುಮಾನದ ವಲಯ. ಅಲ್ಲಿ ಹೋಮೋಸಿಸ್ಟೀನ್, ಮೀಥೈಲ್‌ಮಲೋನಿಕ್ ಆಮ್ಲ ನೋಡಿದರೆ ಗೊತ್ತಾಗುತ್ತದೆ. ಎರಡನೆಯದು ಏರಿದ್ದರೆ ಬಿ12ನತ್ತಲೇ ಬೊಟ್ಟು, ಫೋಲೇಟ್ ಕೊರತೆಯಲ್ಲಿ ಅದು ಏರುವುದಿಲ್ಲ. ಮೂತ್ರಪಿಂಡ ಸೋತವರಲ್ಲಿ ಮಾತ್ರ ಇದನ್ನು ನಂಬುವಂತಿಲ್ಲ. ಬೆರಳಿನ ಗೆಣ್ಣುಗಳು ಇತ್ತೀಚೆಗೆ ಕಪ್ಪಾಗಿವೆಯೇ ಎಂದೂ ನೋಡಬೇಕು. 128 ಹರ್ಟ್ಸ್ ಶ್ರುತಿಕವೆಯನ್ನು (ಟ್ಯೂನಿಂಗ್ ಫೋರ್ಕ್) ಮಿಡಿದು ಕಾಲ್ಬೆರಳಿನ ಮೂಳೆಗೆ ಇಟ್ಟಾಗ ಕಂಪನ ತಿಳಿಯದಿರುವುದೂ ಬೇಗ ಸಿಗುವ ಗುರುತು.

ಇಂಟ್ರಿನ್ಸಿಕ್ ಫ್ಯಾಕ್ಟರ್ ಒಂದು ಹೊತ್ತಿಗೆ 1.5ರಿಂದ 2 ಮೈಕ್ರೋಗ್ರಾಂ ಮಾತ್ರ ಹೊರಬಲ್ಲದು. ಉಳಿದದ್ದರಲ್ಲಿ ಸುಮಾರು ಶೇ. 1ರಷ್ಟು ಅದರ ಹಂಗಿಲ್ಲದೆ ಸೋಸಿ ಒಳಗೆ ಹೋಗುತ್ತದೆ. 1000 ಮೈಕ್ರೋಗ್ರಾಂ ಮಾತ್ರೆಯಿಂದ ಹೀಗೆ 10 ದಕ್ಕಿದರೂ ಸಾಕಷ್ಟಾಯಿತು. ದೊಡ್ಡ ಡೋಸಿನ ಗುಟ್ಟು ಇಷ್ಟೇ. ನರದ ಲಕ್ಷಣ ಕಂಡಿದ್ದರೆ ಮಾತ್ರೆಯ ಮೇಲೆ ಭಾರ ಹಾಕದೆ ಇಂಜೆಕ್ಷನ್‌ನಿಂದ ಶುರುಮಾಡುವುದೇ ಸರಿ. ತೀವ್ರ ರಕ್ತಹೀನತೆಯಿದ್ದರೆ ಮೊದಲ ದಿನಗಳಲ್ಲಿ ಪೊಟ್ಯಾಸಿಯಂ ಮೇಲೆ ಕಣ್ಣಿರಲಿ: ಹೊಸ ಕಣಗಳು ಅದನ್ನು ಎಳೆದುಕೊಳ್ಳುತ್ತವೆ. ವಾರದೊಳಗೆ ಎಳೆಯ ಕೆಂಪು ಕಣಗಳು ಏರುತ್ತವೆ, ಸುಮಾರು ಎರಡು ತಿಂಗಳಲ್ಲಿ ಹಿಮೋಗ್ಲೋಬಿನ್ ದಾರಿಗೆ ಬರುತ್ತದೆ. ನರಕ್ಕೆ ಆರು ತಿಂಗಳು, ವರ್ಷವೂ ಹಿಡಿಯಬಹುದು. ಹಳೆಯ ಹಾನಿ ಪೂರ್ತಿ ಮಾಯದಿರಲೂಬಹುದು. ರಿಪೋರ್ಟ್ ಚೆನ್ನಾಗಿ ಬಂತೆಂದು ಎರಡನೇ ತಿಂಗಳಲ್ಲಿ ಮಾತ್ರೆ ನಿಲ್ಲಿಸುವವರ ಪಾದಕ್ಕೆ ಜೋಮು ಮರಳುವುದು ಇದರಿಂದಲೇ.