ಗೃಹಪ್ರವೇಶದ ಡಬ್ಬಿ

ಆಗಸ್ಟ್ 31, 2025. ಭಾನುವಾರ, ರಾತ್ರಿ ಹನ್ನೊಂದು ಗಂಟೆ.
ಆಲ್‌ಸ್ಟನ್, ಬಾಸ್ಟನ್.

ಡಬ್ಬಿ ಈಗ ಅಡುಗೆಮನೆ ಕಟ್ಟೆಯ ಮೇಲೆ ಬೋರಲಾಗಿ ಕೂತಿದೆ. ಮೂರು ಸಲ ತಿಕ್ಕಿ ತೊಳೆದೆ. ಕುದಿಯುವ ನೀರು ಸುರಿದೆ. "ಸ್ಟೀಲ್ ಡಬ್ಬಿಯೊಳಗೆ ತಿಗಣೆ ಯಾಕೆ ಕೂರುತ್ತೆ, ಬಿಡು" ಅಂತ ಇವರು ಹೇಳಿದರೂ ನನಗೆ ಸಮಾಧಾನವಿಲ್ಲ. ಇವತ್ತು ಈ ಬೀದಿಯಲ್ಲಿ ಬಿದ್ದಿರುವ ಯಾವ ಸಾಮಾನನ್ನೂ ಹಾಗೇ ಒಳಗೆ ತರುವ ಧೈರ್ಯ ನನಗಿಲ್ಲ.

ಆಗಸ್ಟ್ ಕೊನೆಗೆ ನಮ್ಮ ಬೀದಿ ಏನಾಗುತ್ತದೆ ಅಂತ ಹೋದ ವರ್ಷವೂ ಬರೆದಿದ್ದೆ. ಬಾಸ್ಟನ್‌ನಲ್ಲಿ ಬಹುಪಾಲು ಬಾಡಿಗೆ ಮನೆಗಳ ಕರಾರು ಆಗಸ್ಟ್ 31ಕ್ಕೆ ಮುಗಿದು ಸೆಪ್ಟೆಂಬರ್ 1ಕ್ಕೆ ಹೊಸದು ಶುರುವಾಗುತ್ತದೆ. ಕಾಲೇಜುಗಳ ಲೆಕ್ಕಕ್ಕೆ ಸರಿಹೊಂದಲಿ ಅಂತ ಬಂದ ಪದ್ಧತಿ. ಒಂದೇ ದಿನ ಊರಿಗೆ ಊರೇ ಮನೆ ಖಾಲಿ ಮಾಡುತ್ತದೆ. ನಿನ್ನೆಯಿಂದ ಬ್ರೈಟನ್ ಅವೆನ್ಯೂ ಉದ್ದಕ್ಕೂ ಬಾಡಿಗೆ ಟ್ರಕ್‌ಗಳು. ಫುಟ್‌ಪಾತ್ ಕಾಣುವುದೇ ಇಲ್ಲ. ಸೋಫಾ, ಮೇಜು, ಫ್ಯಾನ್, ಕನ್ನಡಿ, ಹಾಸಿಗೆ ಮೇಲೆ ಹಾಸಿಗೆ. ಇದಕ್ಕೆ ಇಲ್ಲಿನವರು ಆಲ್‌ಸ್ಟನ್ ಕ್ರಿಸ್‌ಮಸ್ ಅಂತ ಹೆಸರಿಟ್ಟಿದ್ದಾರೆ. ಬೇಕಾದ್ದನ್ನು ಬೀದಿಯಿಂದ ಎತ್ತಿಕೊಂಡು ಹೋಗಬಹುದು, ಅದಕ್ಕೆ. ಆ ಹೆಸರು ನನಗೆ ಯಾವತ್ತೂ ಇಷ್ಟವಾಗಿಲ್ಲ. ಹಬ್ಬ ಅಂದರೆ ಇದಾ?

ಬೆಳಿಗ್ಗೆ ನನಗೆ ತುಂಬ ಕೋಪ ಬಂದಿತ್ತು, ಬರೆದುಬಿಡುತ್ತೇನೆ. ನಮ್ಮ ಗೇಟಿನ ಮುಂದೆಯೇ ಎರಡು ಹಾಸಿಗೆ ಒರಗಿಸಿಟ್ಟು ಹೋಗಿದ್ದಾರೆ. 2022ರ ನವೆಂಬರ್‌ನಿಂದ ಈ ರಾಜ್ಯದಲ್ಲಿ ಹಾಸಿಗೆಯನ್ನೂ ಹಳೆ ಬಟ್ಟೆಯನ್ನೂ ಕಸಕ್ಕೆ ಹಾಕುವ ಹಾಗಿಲ್ಲ. ಬಾಸ್ಟನ್‌ನಲ್ಲಿ ಹಾಸಿಗೆ ಹೊರಗಿಡಬೇಕಾದರೆ ನಗರಸಭೆಯ ಸಹಾಯವಾಣಿ 311ಕ್ಕೆ ಹೇಳಿ ಮೊದಲೇ ದಿನ ಗೊತ್ತು ಮಾಡಿಕೊಳ್ಳಬೇಕು. ಇಪ್ಪತ್ತೆರಡು ವರ್ಷದ ಮಕ್ಕಳಿಗೆ ಇದನ್ನೆಲ್ಲ ಯಾರು ಹೇಳಿಕೊಟ್ಟಿರುತ್ತಾರೆ? ಮನೆ ಮಾಲೀಕರು ಹೇಳಬೇಕು, ಹೇಳೋದಿಲ್ಲ. ಪಕ್ಕದಲ್ಲಿ ಅರ್ಧ ಮೂಟೆ ಅಕ್ಕಿ ಬಾಯಿ ಬಿಚ್ಚಿಕೊಂಡು ಬಿದ್ದಿತ್ತು. ಅಕ್ಕಿ. ರಾತ್ರಿಯಾದರೆ ಇಲಿಗಳು. ನಾನು ಅದರ ಬಾಯಿ ಕಟ್ಟಿ ಗೇಟಿನ ಒಳಗಿಟ್ಟು ಬಂದೆ. ಕಾಲಿಗೆ ಸಿಕ್ಕುತ್ತೆ ಅಂದರೆ ನಮ್ಮಮ್ಮ ಒಂದು ಕಾಳನ್ನೂ ಬಿಡುತ್ತಿರಲಿಲ್ಲ.

ಮಧ್ಯಾಹ್ನ ಪುಟ್ಟಿಗೆ ಹಾಲು ತರಲು ಹೊರಟೆ. ಹಾರ್ವರ್ಡ್ ಅವೆನ್ಯೂ ಕಡೆ ತಿರುಗುವ ಮೂಲೆಯಲ್ಲಿ, ಮೂರಂತಸ್ತಿನ ಆ ನೀಲಿ ಮನೆ ಮುಂದೆ, ಒಂದು ರಟ್ಟಿನ ಪೆಟ್ಟಿಗೆ. ಪ್ರೆಶರ್ ಕುಕ್ಕರ್, ಒಗ್ಗರಣೆ ಸೌಟು, ಲಟ್ಟಣಿಗೆ, ಸಾಂಬಾರ ಪದಾರ್ಥದ ದುಂಡು ಡಬ್ಬಿ. ಇದೇನೂ ಹೊಸದಲ್ಲ, ಪ್ರತಿ ವರ್ಷ ಒಂದೆರಡು ಕುಕ್ಕರ್ ಬೀದಿಯಲ್ಲಿ ನೋಡುತ್ತೇನೆ. ಪೆಟ್ಟಿಗೆಯ ಪಕ್ಕ, ನೆಲದ ಮೇಲೆ, ಒಂದು ಸ್ಟೀಲ್ ಡಬ್ಬಿ. ಅರ್ಧ ಸೇರು ಹಿಡಿಯುವಂಥದ್ದು. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಅಕ್ಷರ. ಬಿಸಿಲಿಗೆ ಹೊಳೆಯುತ್ತಿತ್ತು. ಬಗ್ಗಿ ನೋಡಿದೆ.

ಗೃಹಪ್ರವೇಶದ ನೆನಪಿಗಾಗಿ. 12-5-1994. ತಿಪಟೂರು.

ಮೇಲೆ ಒಂದು ಮನೆತನದ ಹೆಸರು. ಅದನ್ನು ಇಲ್ಲಿ ಬರೆಯೋದಿಲ್ಲ. ಪಾತ್ರೆ ಅಂಗಡಿಯಲ್ಲಿ ಆ ಮಿಷನ್ ಹಿಡಿದು ಟರ್ ಅಂತ ಹೆಸರು ಹಾಕಿಕೊಡುತ್ತಿದ್ದರಲ್ಲ, ಅದೇ ಅಕ್ಷರ. ಕೊನೆಯ "ರು" ಸ್ವಲ್ಪ ಜಾರಿ ಅಂಚಿಗೆ ಹೋಗಿದೆ. ನನ್ನ ಮದುವೆಗೆ ಬಂದ ತಟ್ಟೆಗಳ ಮೇಲೂ ಹೀಗೇ ಇದ್ದವು. ಮೈಸೂರಿನ ಮನೆಯ ಅಟ್ಟದಲ್ಲಿ ಈಗಲೂ ಇವೆ.

ಹೊಟ್ಟೆ ಚುರುಕ್ ಅಂತು. ಮೂವತ್ತೊಂದು ವರ್ಷದ ಹಿಂದೆ ತಿಪಟೂರಿನಲ್ಲಿ ಯಾರೋ ಸಾಲ ಸೋಲ ಮಾಡಿ ಮನೆ ಕಟ್ಟಿ, ಬಂದವರಿಗೆಲ್ಲ ಒಂದೊಂದು ಡಬ್ಬಿ ಕೊಟ್ಟಿದ್ದಾರೆ. ಅದು ಬಂದು ಇಲ್ಲಿ ಬಿದ್ದಿದೆ.

ಬಾಗಿಲು ತೆರೆದು ಒಂದು ಹುಡುಗಿ ಇನ್ನೊಂದು ಚೀಲ ಹೊತ್ತು ಬಂದಳು. ಕೂದಲು ಎತ್ತಿ ಗಂಟು ಹಾಕಿಕೊಂಡಿದ್ದಳು, ಬೆವರಿಳಿಯುತ್ತಿತ್ತು. ಯೋಚನೆ ಮಾಡದೆ ಕನ್ನಡದಲ್ಲೇ ಕೇಳಿಬಿಟ್ಟೆ.

"ಏನಮ್ಮಾ, ಈ ಡಬ್ಬಿ ನಿಂದಾ?"

ಅವಳು ಚೀಲ ಕೆಳಗಿಟ್ಟಳು. "ಅಯ್ಯೋ, ಕನ್ನಡದವರಾ ಆಂಟಿ?" ಆಮೇಲೆ ಡಬ್ಬಿ ನೋಡಿದಳು. "ನಂದಲ್ಲ. ಅದು ಮನೇದು."

"ಮನೇದು ಅಂದ್ರೆ?"

"ನಾವು ಬಂದಾಗಲೇ ಇತ್ತು ಆಂಟಿ. ಸೀನಿಯರ್ಸ್ ಬಿಟ್ಟು ಹೋಗಿದ್ರು. ಅವರಿಗೆ ಅವರ ಸೀನಿಯರ್ಸ್ ಕೊಟ್ಟಿದ್ರಂತೆ. ಯಾರು ತಿಪಟೂರಿನವರು ಅಂತ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ನಾನು ಹಾಸನದವಳು. ಅದರಲ್ಲಿ ಸಾರಿನಪುಡಿ ಇಡ್ತಿದ್ವಿ."

ಮುಚ್ಚಳ ತೆಗೆದೆ. ಹೌದು, ಖಾಲಿ ಡಬ್ಬಿಯಲ್ಲಿ ಇನ್ನೂ ಕೊತ್ತಂಬರಿ ಬೀಜದ, ಇಂಗಿನ ವಾಸನೆ.

ಬಾಯಿಗೆ ಬಂದಿದ್ದ ಮಾತು ಬೇರೆ ಇತ್ತು. ಅಮ್ಮ ಕಟ್ಟಿಕೊಟ್ಟದ್ದನ್ನು ಹೀಗೆ ಬಿಸಾಡ್ತೀರಲ್ಲಾ ಅಂತ ಬೈಯಬೇಕು ಅಂತಿದ್ದೆ. ಆ "ಮನೇದು" ಅನ್ನೋ ಮಾತು ಕೇಳಿದ ಮೇಲೆ ಬೈಯೋಕಾಗಲಿಲ್ಲ. "ಹಾಗಾದ್ರೆ ಜೂನಿಯರ್‌ಗಳಿಗೆ ಕೊಡಬೇಕಿತ್ತಲ್ಲಾ?" ಅಂದೆ.

"ಕೊಡೋಕೆ ಅಂತಾನೇ ಇಟ್ಟಿದ್ದು ಆಂಟಿ. ಇಬ್ಬರು ಬರಬೇಕಿತ್ತು. ಮೇ ಕೊನೇಲಿ ವೀಸಾ ಇಂಟರ್‌ವ್ಯೂಗೆ ಹೊಸ ಸ್ಲಾಟ್ ಕೊಡೋದು ನಿಲ್ಲಿಸಿಬಿಟ್ರಲ್ಲ. ಜೂನ್‌ನಲ್ಲಿ ಮತ್ತೆ ಶುರುವಾದ ಮೇಲೂ ಅವರಿಗೆ ಚೆನ್ನೈಲೂ ಸಿಗಲಿಲ್ಲ, ಹೈದರಾಬಾದ್‌ಲೂ ಸಿಗಲಿಲ್ಲ. ಒಬ್ಬಳು ಜನವರಿಗೆ ಮುಂದಕ್ಕೆ ಹಾಕಿಸಿಕೊಂಡಿದ್ದಾಳೆ. ಇನ್ನೊಬ್ಬಳು ಇನ್ನು ಬರೋದೇ ಇಲ್ಲ ಅಂತಿದ್ದಾಳೆ."

ಮನೆ ಬೇರೆ ಯಾರಿಗೋ ಹೋಯಿತು. ಅವರಿಗೆ ಪಾತ್ರೆ ಬೇಡ. ಮಾಲೀಕರು ಒಂದು ಚಮಚವೂ ಉಳಿಯಕೂಡದು, ಉಳಿದರೆ ಮುಂಗಡದಲ್ಲಿ ಹಿಡಿದುಕೊಳ್ಳುತ್ತೇವೆ ಅಂತ ಬರೆದು ಕಳಿಸಿದ್ದಾರೆ. ಹಳೆ ಸಾಮಾನು ತೆಗೆದುಕೊಳ್ಳುವ ಅಂಗಡಿಗೆ ಎರಡು ಸಲ ಹೊತ್ತುಕೊಂಡು ಹೋದಳಂತೆ, ಟ್ರೈನಿನಲ್ಲಿ. ಜಾಗ ತುಂಬಿದೆ ಅಂದರಂತೆ. ಜೊತೆಯ ಹುಡುಗಿಯರು ನಿನ್ನೆಯೇ ಹೊರಟುಹೋದರು. ಇವಳಿಗೆ ಡಲ್ಲಾಸ್‌ನಲ್ಲಿ ಕೆಲಸ ಸಿಕ್ಕಿದೆ, ನಾಳೆ ಬೆಳಿಗ್ಗೆ ವಿಮಾನ. ಎರಡು ಸೂಟ್‌ಕೇಸ್. ಒಂದೊಂದು ಐವತ್ತು ಪೌಂಡ್ ಮೀರಬಾರದು.

"ರಾತ್ರಿ ಎಲ್ಲಿರ್ತೀಯಾ?" ಅಂದೆ.

"ಏರ್‌ಪೋರ್ಟ್‌ನಲ್ಲೇ ಕೂತಿರ್ತೀನಿ ಆಂಟಿ. ಈ ಮನೆ ಇವತ್ತಿಗೆ ಮುಗೀತು."

ನಾವು ಬಂದ ವರ್ಷವೂ ಹೀಗೇ ಆಗಿತ್ತು. ಒಂದು ಮನೆಯ ಬೀಗದ ಕೈ ಕೊಟ್ಟಾಗಿದೆ, ಇನ್ನೊಂದರದು ಕೈಗೆ ಬಂದಿಲ್ಲ. ಬಾಡಿಗೆ ಟ್ರಕ್ಕಿನ ಮುಂದಿನ ಸೀಟಿನಲ್ಲಿ ದೇವರ ಪೆಟ್ಟಿಗೆಯನ್ನು ತೊಡೆ ಮೇಲೆ ಇಟ್ಟುಕೊಂಡು ಬೆಳಗು ಮಾಡಿದ್ದೆ. ಪುಟ್ಟಿ ಆಗ ಇನ್ನೂ ಹುಟ್ಟಿರಲಿಲ್ಲ. ಒಂದು ರಾತ್ರಿ ಇಡೋಕೆ ಜಾಗವಿಲ್ಲದೆ ನಾವೂ ಒಂದು ಒಳ್ಳೆ ಮಂಚ ಬೀದಿಯಲ್ಲಿ ಬಿಟ್ಟೆವು. ಮಕ್ಕಳಿಗೆ ಸಾಮಾನಿನ ಬೆಲೆ ಗೊತ್ತಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಕೆಲವರಿಗೆ ಗೊತ್ತಿಲ್ಲ, ನಿಜ. ಆದರೆ ಸಾವಿರಾರು ಜನರನ್ನು ಒಂದೇ ದಿನ ಹೊರಗೆ ಹಾಕಿ, ಮರುದಿನ ಒಳಗೆ ಬನ್ನಿ ಅಂದರೆ, ನಡುವಿನ ಆ ರಾತ್ರಿಗೆ ಸೋಫಾ ಎಲ್ಲಿ ಹೋಗಬೇಕು? ತಾರೀಖನ್ನೇ ಬೇರೆ ಬೇರೆ ಮಾಡಿದರೆ ಅರ್ಧ ಕಸ ಕಸವೇ ಆಗುತ್ತಿರಲಿಲ್ಲ. ಒಬ್ಬರು ಬಿಟ್ಟದ್ದು ಇನ್ನೊಬ್ಬರ ಕೈಗೆ ಹೋಗುತ್ತಿತ್ತು. ಆ ಡಬ್ಬಿ ಹೋದ ಹಾಗೆ.

ಪೆಟ್ಟಿಗೆ ಪೂರ್ತಿ ನಾನು ತರ್ತೀನಿ ಅಂದೆ. ನಮ್ಮ ಬೇಸ್‌ಮೆಂಟಿನಲ್ಲಿ ಜಾಗವಿದೆ. ಜನವರಿಯಲ್ಲಿ ಆ ಹುಡುಗಿ ಬಂದರೆ ನನಗೆ ಫೋನ್ ಮಾಡಲಿ, ಕೊಡ್ತೀನಿ. ಅವಳು ನನ್ನ ನಂಬರ್ ತಗೊಂಡಳು. ಏನಂತ ಹಾಕಿಕೊಂಡಳು ಅಂತ ಬಗ್ಗಿ ನೋಡಿದೆ. ಡಬ್ಬಿ ಆಂಟಿ ಅಂತ ಹಾಕಿಕೊಂಡಿದ್ದಳು. ಅವಳ ಹೆಸರು ಕೇಳುವುದೇ ಮರೆತೆ. ರಾತ್ರಿ ನಮ್ಮನೆಗೇ ಬಾ ಅಂತ ಎರಡು ಸಲ ಕರೆದೆ, ಬೇಡ ಆಂಟಿ ಅಂದಳು. ಊಟಕ್ಕಾದರೂ ಬಾ ಅಂದೆ. ಬರಲಿಲ್ಲ.

ಹಾಲು ತರುವುದು ಮರೆತು ವಾಪಸು ಬಂದೆ.

ಸಂಜೆ ಗಣಪತಿ ಬಿಟ್ಟೆವು. ಐದನೇ ದಿನ. ಹಿಂದಿನ ಮೆಟ್ಟಿಲ ಹತ್ತಿರ ಬಕೆಟ್ ಇಟ್ಟು, ಅದರಲ್ಲೇ. ಮಣ್ಣು ಕರಗುವವರೆಗೂ ಪುಟ್ಟಿ ಪಕ್ಕದಲ್ಲೇ ಕೂತಿದ್ದಳು. "ಈ ನೀರನ್ನ ಎಲ್ಲಿ ಹಾಕ್ತೀಯಮ್ಮಾ, ಡ್ರೈನ್‌ಗಾ?" ಅಂತ ಗಾಬರಿಯಿಂದ ಕೇಳಿದಳು. ಇಲ್ಲ ಪುಟ್ಟೀ, ಕಾಲು ತಾಗದ ಕಡೆ, ಗಿಡದ ಬುಡಕ್ಕೆ ಅಂದೆ. ಅವಳ ಮುಖ ಸಡಿಲವಾಯಿತು. ಚೆನ್ನಾಗಿತ್ತು ಆ ಹೊತ್ತು. ಮೂರು ದಿನದ ಹಿಂದಿನ ಕರಿಗಡುಬು ಇನ್ನೂ ನಾಲ್ಕು ಉಳಿದಿದ್ದವು, ಎಲ್ಲ ಖಾಲಿ.

ಕ್ಯಾನ್ ಆರಿಸುವ ಅಜ್ಜಿ ಇವತ್ತು ಮೂರು ಸಲ ಬಂದರು. ಖಾಲಿ ಕ್ಯಾನ್ ವಾಪಸು ಕೊಟ್ಟರೆ ಒಂದೊಂದಕ್ಕೂ ಐದು ಸೆಂಟ್ ಸಿಗುತ್ತದೆ. ಚೀನಾದವರು ಅಂತ ಕಾಣುತ್ತದೆ, ಒಬ್ಬರ ಮಾತು ಇನ್ನೊಬ್ಬರಿಗೆ ಬರೋದಿಲ್ಲ, ತಲೆ ಆಡಿಸುತ್ತೇವೆ ಅಷ್ಟೆ. ಗಾಡಿಯ ತುಂಬ ಬಾಟಲಿ, ಮೇಲೆ ಹಗ್ಗ ಕಟ್ಟಿದ್ದರು. ಊರಿನಲ್ಲಿ ಹಳೆ ಪೇಪರ್, ಖಾಲಿ ಸೀಸೆ ಅಂತ ಕೂಗಿಕೊಂಡು ಬರುತ್ತಿದ್ದರಲ್ಲ, ಹಳೆ ಸೀರೆ ಕೊಟ್ಟರೆ ಪಾತ್ರೆ ಕೊಡುತ್ತಿದ್ದರಲ್ಲ, ಅವರೆಲ್ಲರ ಕೆಲಸವನ್ನು ಇಲ್ಲಿ ಈ ಅಜ್ಜಿ ಒಬ್ಬರೇ ಮಾಡುತ್ತಿದ್ದಾರೆ ಅನ್ನಿಸಿತು. ನೀರು ಕೊಟ್ಟೆ. ಕುಡಿದರು.

ಅವರನ್ನು ನೋಡಿದ ಮೇಲೆ ನೆನಪಾಯಿತು. ಆ ಪೆಟ್ಟಿಗೆ ಎತ್ತುವಾಗ, ಅದರ ಪಕ್ಕದಲ್ಲೇ, ಬೇರೆ ಯಾರದೋ ಚೀಲದ ಮೇಲೆ ಒಂದು ಪಿಂಗಾಣಿ ಬಟ್ಟಲು ಇತ್ತು. ಬಿಳಿ ಬಟ್ಟಲು, ನೀಲಿ ಗೆರೆ, ಹೊರಗೆ ಚೀನೀ ಅಕ್ಷರ, ಕುಂಚದಲ್ಲಿ ಕೈಯಿಂದ ಬರೆದದ್ದು. ಒಡೆದಿರಲಿಲ್ಲ. ನೋಡಿದೆ, ನೋಡಿ ಬಿಟ್ಟು ಬಂದೆ.

ಅದರಲ್ಲೂ ಏನೋ ಬರೆದಿರುತ್ತದೆ ಅಲ್ವಾ. ಯಾರದೋ ಮದುವೆ, ಯಾರದೋ ಮನೆ, ಒಂದು ಊರಿನ ಹೆಸರು. ನನಗೆ ಓದಲು ಬರುವ ಅಕ್ಷರ ಇದ್ದದ್ದಕ್ಕೆ ಡಬ್ಬಿ ಮನೆಗೆ ಬಂತು. ಓದಲು ಬರದ್ದನ್ನು ಕಸ ಅಂತ ದಾಟಿಕೊಂಡು ಬಂದೆ. ಮಧ್ಯಾಹ್ನದಿಂದ ಇದು ತಲೆಗೆ ಹೊಳೆದೇ ಇರಲಿಲ್ಲ. ಈಗ ಬಿಡುತ್ತಿಲ್ಲ. ತಿಪಟೂರಿಗೆ ಮರುಗಿದ ಮನಸ್ಸು ಒಂದೇ ಒಂದು ಅಡಿ ಆಚೆ ಯಾಕೆ ಹೋಗಲಿಲ್ಲ?

ಹೊರಗೆ ಟ್ರಕ್ಕಿನ ಸದ್ದು. ಈ ಎರಡು ದಿನ ನಗರಸಭೆಯವರು ಜಾಸ್ತಿ ಲಾರಿ ಬಿಡುತ್ತಾರೆ. ಹಿಂದಿನ ಬಾಯಿಗೆ ಹಾಕಿದ್ದೆಲ್ಲ ಒಂದೇ ಸಲಕ್ಕೆ ಪುಡಿಯಾಗುತ್ತದೆ, ಮರ ಮುರಿಯುವ ಸದ್ದು ಇಲ್ಲಿಯವರೆಗೂ ಕೇಳುತ್ತದೆ. ಇದು ಕಸದ ಲಾರಿಯೋ, ಸಾಮಾನಿನ ಟ್ರಕ್ಕೋ ಗೊತ್ತಾಗುತ್ತಿಲ್ಲ. ಮೂಲೆಯ ಕಡೆಯಿಂದಲೇ ಬರುತ್ತಿದೆ.

ಇವರು ಮಲಗಿದ್ದಾರೆ. ಕೆಳಗಿನ ಬಾಗಿಲ ಬೀಗದ ಕೈ ಎಲ್ಲಿಟ್ಟೆ, ಇಲ್ಲೇ ಡಬ್ಬಿ ಪಕ್ಕ ಇಟ್ಟ ನೆನಪು