‘ಟೇಕ್’ ಹಿಡಿದ ದಾರಿ

ಧಾರವಾಡದ ನಮ್ಮ ಶಾಲೆಯಲ್ಲಿ ‘ಟೇಕ್’ ಎಂದರೆ ‘ತೆಗೆದುಕೊಳ್ಳು’ ಎಂದು ಉರು ಹೊಡೆಸಿದ್ದರು. ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಸಂಸಾರ ಹೂಡಿದ ಮೇಲೆ, ಬಸ್ಸು, ವೇಳೆ, ದಾರಿ, ಗುಳಿಗೆ, ಫೋಟೊ ಎಲ್ಲದಕ್ಕೂ ಇಲ್ಲಿಯವರು ಈ ಒಂದೇ ಕ್ರಿಯಾಪದವನ್ನು ಹಚ್ಚುವುದನ್ನು ಕೇಳಿ ಅದರ ಮೂಲ ಹುಡುಕಿದರೆ, ಅದು ಈ ಊರಿನ ಚರಿತ್ರೆಯೊಂದಿಗೇ ಬೆಸೆದುಕೊಂಡಿದೆ.

866ರಲ್ಲಿ ಸ್ಕ್ಯಾಂಡಿನೇವಿಯಾದ ಕಡಲ ದಾಳಿಕೋರರಾದ ವೈಕಿಂಗರ ದಂಡು ಯಾರ್ಕನ್ನು ಗೆದ್ದಿತು. ಗೆದ್ದವರಲ್ಲಿ ಹಲವರು ಮರಳಿ ಹೋಗದೆ ಈ ಸೀಮೆಯಲ್ಲಿಯೇ ಹೊಲ ಮಾಡಿಕೊಂಡು ನೆಲೆಸಿದರು. ಇಲ್ಲಿನ ಹಳೆಯ ಓಣಿಗಳ ಹೆಸರಿನ ಕೊನೆಗೆ ಬರುವ ‘ಗೇಟ್’ ಬಾಗಿಲಲ್ಲ, ಅವರ ನುಡಿಯ ‘ಬೀದಿ’. ಅವರ ‘ತಾಕಾ’ ಎಂಬ ಕ್ರಿಯಾಪದವೇ ಇಂದಿನ ‘ಟೇಕ್’. ಅದು ಅದೇ ಅರ್ಥದ, ಇಂಗ್ಲಿಷಿನ ಸ್ವಂತದ ‘ನಿಮನ್’ ಪದವನ್ನು ಕೆಲವು ಶತಮಾನಗಳಲ್ಲಿ ಮೂಲೆಗೆ ತಳ್ಳಿತು. ಇದು ಸಣ್ಣ ಸಂಗತಿಯಲ್ಲ. ಹುಬ್ಬಳ್ಳಿಯ ಮಾತಿನಲ್ಲಿ ಉರ್ದು, ಮರಾಠಿ ಶಬ್ದಗಳು ಧಾರಾಳವಾಗಿವೆ, ‘ಬದಲಾಯಿಸು’, ‘ಜಮಾಯಿಸು’ಗಳಂಥ ಕ್ರಿಯಾಪದಗಳೂ ಸೇರಿವೆ, ಆದರೆ ಕೊಡು, ತಗೋ, ಹಿಡಿ ಎಂಬಂಥ ಬುಡದ ಪದಗಳನ್ನು ಯಾವ ಆಳ್ವಿಕೆಯೂ ಅಲುಗಿಸಲಿಲ್ಲ. ‘ನಿಮನ್’ನ ಒಡಹುಟ್ಟು ‘ನೇಮೆನ್’ ಜರ್ಮನ್ನಿನಲ್ಲಿ ಇಂದಿಗೂ ಬದುಕಿದೆ; ನಮ್ಮ ಕಡೆ ಕೆಲಸ ಮಾಡಿ 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಹೊರತಂದ ಕಿಟೆಲ್ಲರ ತಾಯ್ನುಡಿ ಅದೇ ಅಲ್ಲವೇ.

‘ಟೇಕ್’ನ ಹಳೆಯ ಅರ್ಥ ಹಿಡಿ, ಮುಟ್ಟು ಎಂಬುದು, ಇದೇ ಮನೆತನದ, ಈಗ ಅಳಿದುಹೋದ ಗೋಥಿಕ್ ಭಾಷೆಯ ಅದರ ಬಂಧುವಿಗೂ ‘ಮುಟ್ಟು’ ಎಂದೇ ಅರ್ಥ. (ನಮ್ಮ ‘ತಾಕು’ವಿಗೆ ನಂಟು ಕಲ್ಪಿಸುವ ಆಸೆ ಬೇಡ, ಅದು ಬರೀ ಕಾಕತಾಳೀಯ.) ಹಾಗಾಗಿ ಮಕ್ಕಳಿಗೆ ‘ತೆಗೆದುಕೊಳ್ಳು’ವಿಗಿಂತ ‘ಹಿಡಿ’ ಎಂದು ಹೇಳಿಕೊಟ್ಟರೆ ದಾರಿ ಸುಗಮವಾದೀತೆಂದು ನನಗೆ ಅನಿಸುತ್ತದೆ. ಬಸ್ಸು ಹಿಡಿಯುತ್ತೇವೆ, ಗದಗಿನ ದಾರಿ ಹಿಡಿಯುತ್ತೇವೆ, ಕೆಲಸಕ್ಕೆ ವೇಳೆ ಹಿಡಿಯುತ್ತದೆ, ‘ಈ ಡಬ್ಬಿ ಒಳಗ ಎರಡು ಕಿಲೋ ಜ್ವಾಳದ ಹಿಟ್ಟು ಹಿಡೀತದ’ ಎನ್ನುತ್ತೇವೆ. ಈ ನಾಲ್ಕೂ ಕಡೆ ಇಂಗ್ಲಿಷಿನವರು ‘ಟೇಕ್’ ಎಂದಾರು. ಸ್ನಾನ, ನಿದ್ದೆಯಂಥವು ಮಾತ್ರ ಈ ಸೂತ್ರಕ್ಕೆ ಬಗ್ಗುವುದಿಲ್ಲ, ಅವನ್ನು ಬಾಯಿಪಾಠ ಮಾಡಬೇಕಷ್ಟೇ.

ಸೋತ ‘ನಿಮನ್’ ಪೂರ್ತಿ ಸತ್ತಿಲ್ಲ. ಚುರುಕು ಎಂಬರ್ಥದ ‘ನಿಂಬಲ್’ ಅದರ ಕುಡಿ. ಚಳಿಗೆ ಬೆರಳು ಮರಗಟ್ಟಿದಾಗ ಇಲ್ಲಿಯವರು ಆಡುವ ‘ನಮ್’ ಎಂಬ ಪದವೂ ಅದರದ್ದೇ; ಮೂಲದಲ್ಲಿ ಅದಕ್ಕೆ ‘ಹಿಡಿತಕ್ಕೆ ಸಿಕ್ಕ’ ಎಂದು ಅರ್ಥ. ನಮ್ಮಲ್ಲಿಯೂ ಜೋಮು ಹಿಡಿಯುವುದೇ ಅಲ್ಲವೇ!